ತಾಂಬರಂ ವ್ಯಾನಿನ ಮುಂದಿನ ಬುಷ್

ಇದು ೧೯೫೯ರ ಮಾತು. ನಾನು ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮಾವನವರು ತಿರುವೊಟ್ಟಿಯೂರಿನಲ್ಲಿ ಎಂಜಿನ್ ರಿಪೇರಿಯ ಷೆಡ್ ಇಟ್ಟುಕೊಂಡಿದ್ದರು. ಷೆಡ್ಡಿನ ಹಿಂದೆಯೇ ಮನೆ. ಮಾವ, ಅತ್ತೆ ಇಬ್ಬರೂ ಧಾರವಾಡದ ಕಡೆಯವರು. ಮೂವತ್ತು ವರ್ಷ ಮದರಾಸಿನ ನೀರು ಕುಡಿದರೂ ಊರಿನ ಮಾತು ಬಿಟ್ಟಿರಲಿಲ್ಲ, ನಡುನಡುವೆ ತಮಿಳು ಸೇರಿಸಿಕೊಂಡಿದ್ದರು ಅಷ್ಟೆ. ನನ್ನ ಗಂಡ ಬಂದರಿನ ಕಚೇರಿಯಲ್ಲಿ ಗುಮಾಸ್ತರು. ಅವರಿಗೆ ಸ್ಪ್ಯಾನರಿಗೂ ಸೌಟಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹೀಗಾಗಿ ಮಾವನವರ ಕಸುಬು ಮಗನನ್ನು ಬಿಟ್ಟು ಸೊಸೆಯ ಪಾಲಿಗೆ ಬಂತು.

ಮಾವನವರ ಕಣ್ಣಿಗೆ ಆಗ ಮೈಕ್ರೋಮೀಟರಿನ ಸಣ್ಣ ಗೆರೆಗಳು ಕಾಣದಾಗಿದ್ದವು. ಕನ್ನಡಕ ಬದಲಾಯಿಸಿದರೂ ಪ್ರಯೋಜನವಾಗಿರಲಿಲ್ಲ. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಒಂದು ಬೆಳಿಗ್ಗೆ ನನ್ನ ಕಾಫಿ ಲೋಟದ ಪಕ್ಕ ಮೈಕ್ರೋಮೀಟರ್ ತಂದಿಟ್ಟು, "ಕಾಲೇಜಿನಾಗ ಇದನ್ನ ನೋಡೀಯೇನವ್ವಾ?" ಎಂದರು. "ಸ್ಕ್ರೂಗೇಜ್ ಅಲ್ಲವೇ ಮಾವ, ತಂತಿಯ ದಪ್ಪ ಅಳೆಯುತ್ತಿದ್ದೆವು" ಎಂದೆ. "ಹಂಗಾದ್ರ ಊಟಾದ ಮ್ಯಾಲೆ ಷೆಡ್ಡಿಗೆ ಬಾ" ಎಂದು ಎದ್ದು ಹೋದರು.

ಅಂದಿನಿಂದ ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ನಾನು ಷೆಡ್ಡಿಗೆ ಹೋಗಿ ಅಳತೆ ತೆಗೆಯುವುದು ರೂಢಿಯಾಯಿತು. ತೊಟ್ಟಿಲು ತೂಗಬೇಕಾದ ಸೊಸೆ ಕಬ್ಬಿಣ ಅಳೆಯುತ್ತಾಳೆ ಎಂದು ಬೀದಿಯಲ್ಲಿ ಆಡಿಕೊಂಡರಂತೆ. ಆಡಿಕೊಳ್ಳಲಿ ಎಂದು ಸುಮ್ಮನಿದ್ದೆ. ನನಗೆ ಅಳೆಯುವುದು ಇಷ್ಟವಾಗಿತ್ತು. ಅತ್ತೆಯವರೂ ಬೇಡವೆನ್ನಲಿಲ್ಲ. ಅವರು ಇಷ್ಟಲಿಂಗ ಪೂಜೆ ತಪ್ಪಿಸಿದವರಲ್ಲ, ಹೊರಗೆ ಒಂದು ಲೋಟ ನೀರು ಕುಡಿದವರಲ್ಲ. ಆದರೆ ಕೆಲಸ ಮಾಡುವವರನ್ನು ಎಂದೂ ತಡೆಯುತ್ತಿರಲಿಲ್ಲ.

ಮುಂದಿನದು ತಿಳಿಯಬೇಕಾದರೆ ಕ್ಯಾಮ್‌ಶಾಫ್ಟಿನ ವಿಷಯ ಸ್ವಲ್ಪ ಹೇಳಬೇಕು. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಎತ್ತಿ ಇಳಿಸಲು ಮೈಮೇಲೆ ಉಬ್ಬುಗಳಿರುವ ಒಂದು ಉದ್ದ ಸರಳು ಇರುತ್ತದೆ. ಅದೇ ಕ್ಯಾಮ್‌ಶಾಫ್ಟ್. ಎಂಜಿನ್ ಬ್ಲಾಕಿನ ಒಳಗೆ ಅದು ಬಳೆಯಂಥ ಬೇರಿಂಗುಗಳಲ್ಲಿ ಕೂತು ತಿರುಗುತ್ತದೆ. ಷೆಡ್ಡಿನಲ್ಲಿ ಈ ಬಳೆಗೆ ಬುಷ್ ಎನ್ನುತ್ತಿದ್ದರು. ಹೊರಗೆ ಉಕ್ಕು, ಒಳಮೈಗೆ ಮೆತ್ತನೆಯ ಬಿಳಿ ಲೋಹ. ಸರಳಿಗೂ ಬಳೆಗೂ ನಡುವೆ ಕೂದಲೆಳೆಗಿಂತ ಕಿರಿದಾದ ಸಂದು. ಆ ಸಂದಿನಲ್ಲಿ ಎಣ್ಣೆ ತುಂಬಿಕೊಂಡಿರುತ್ತದೆ. ನಿಜವಾಗಿ ಶಾಫ್ಟ್ ತಿರುಗುವುದು ಆ ಎಣ್ಣೆಯ ಮೇಲೆ. ಎಲ್ಲ ಸರಿಯಿದ್ದರೆ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ಎಣ್ಣೆ ಒಳಗೆ ಬರಲು ಪ್ರತಿ ಬುಷ್ಷಿಗೂ ಒಂದು ಸಣ್ಣ ತೂತು, ಅದರ ಹಿಂದೆ ಬ್ಲಾಕಿನಲ್ಲಿ ಕೊರೆದ ಎಣ್ಣೆಯ ದಾರಿ. ಬುಷ್ ಬಡಿದು ಕೂರಿಸುವಾಗ ಈ ಎರಡೂ ತೂತುಗಳು ಎದುರುಬದುರು ಬರುವಂತೆ ನೋಡಿಕೊಳ್ಳಬೇಕು. ಅಷ್ಟು ಸಣ್ಣ ತೂತಿನ ಮೇಲೆ ಇಡೀ ಎಂಜಿನ್ನಿನ ಬಾಳುವೆ ನಿಂತಿರುತ್ತದೆ.

ಆ ವರ್ಷ ದಸರೆಗೆ ಮುಂಚೆ ತಾಂಬರಂ ಐತಾಳರ ವ್ಯಾನಿನ ಎಂಜಿನ್ ನಮ್ಮಲ್ಲಿಗೆ ಬಂತು. ಐತಾಳರು ಉಡುಪಿ ಕಡೆಯವರು. ತಾಂಬರಂ ಸ್ಟೇಷನ್ನಿನ ಹತ್ತಿರ ಅವರ ಹೋಟೆಲ್. ಆ ವ್ಯಾನು ದಿನಾ ಬೆಳಿಗ್ಗೆ ಕೊತ್ತವಾಲ್ ಚಾವಡಿ ಮಾರ್ಕೆಟ್ಟಿಗೆ ಬಂದು ತರಕಾರಿ ಒಯ್ಯುತ್ತಿತ್ತು. ಊರಿನ ಆ ತುದಿಯಲ್ಲೇ ಬೇಕಾದಷ್ಟು ರಿಪೇರಿಯವರಿದ್ದರೂ ಕನ್ನಡದವರು ಎಂಬ ಅಭಿಮಾನದಿಂದ ಈ ತುದಿಗೆ ಬರುತ್ತಿದ್ದರು. ಹಳೆಯ ಬುಷ್‌ಗಳು ಸವೆದಿದ್ದವು. ನಮ್ಮ ಷೆಡ್ಡಿನ ಮೇಸ್ತ್ರಿ ಹೊಸವನ್ನು ಕೂರಿಸಿದ. ನಾನು ಅಳತೆ ತೆಗೆದೆ, ಎಲ್ಲ ಸರಿಯಿತ್ತು. ಶಾಫ್ಟ್ ಇನ್ನೂ ಒಳಗೆ ಹೋಗಿರಲಿಲ್ಲ. ಅಷ್ಟರಲ್ಲಿ ನನ್ನ ತಂದೆ ಬಂದು ಮೊದಲ ದಸರೆಗೆಂದು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು. ನಾನು ತಿರುಗಿ ಬರುವಷ್ಟರಲ್ಲಿ ಎಂಜಿನ್ ಜೋಡಣೆಯಾಗಿ ವ್ಯಾನ್ ಓಡಾಡುತ್ತಿತ್ತು.

ಧನುರ್ಮಾಸದಲ್ಲಿ ಒಂದು ದಿನ ಅದೇ ವ್ಯಾನನ್ನು ಲಾರಿಗೆ ಕಟ್ಟಿ ಎಳೆದು ತಂದರು. ಐತಾಳರು ಟ್ಯಾಕ್ಸಿಯಲ್ಲಿ ಹಿಂದೆಯೇ ಬಂದರು. ವ್ಯಾನಿನ ಡ್ರೈವರ್ ಮಾಣಿಕ್ಕಂ ಒಳಗೆ ಬರದೆ ಗೇಟಿನ ಹತ್ತಿರವೇ ನಿಂತ. ನಲವತ್ತರ ಆಸುಪಾಸಿನ ತಮಿಳಿನವನು. ಐತಾಳರ ಹೋಟೆಲಿನಲ್ಲೇ ಬೆಳೆದು ತಮಿಳು ಬೆರೆತ ಕನ್ನಡ ಕಲಿತಿದ್ದ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ.

"ಎಂತ ಹೇಳುದು ಮಾರಾಯ್ರೆ" ಎಂದು ಐತಾಳರು ಬೆಂಚಿನ ಮೇಲೆ ಕೂತರು. "ಗಿಂಡಿ ಸ್ಟೇಷನ್ ಹತ್ರ ನಿಂತೇ ಹೋಯ್ತು. ಅಲ್ಲಿಯ ಮೆಕ್ಯಾನಿಕ್ ಮುಂದಿನ ಮುಚ್ಚಳ ತೆಗೆದು ನೋಡಿದ. ಬೇರಿಂಗು ಒಣಗಿ ಕರಕಲಾಗಿದೆ, ಎಣ್ಣೆ ಕಾಣದ ಗಾಡಿ ಇದು ಅಂದ. ತಿಂಗಳು ತಿಂಗಳು ಎಣ್ಣೆ ಡಬ್ಬ ತೆಗೆಸಿಕೊಟ್ಟವ ನಾನು. ಆ ಎಣ್ಣೆ ಎಲ್ಲಿಗೆ ಹೋಯ್ತು?"

ಎಲ್ಲಿಗೆ ಹೋಯಿತೆಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ಡ್ರೈವರುಗಳು ಎಂಜಿನ್ ಎಣ್ಣೆ ಮಾರಿಕೊಳ್ಳುತ್ತಾರೆ ಎಂಬುದು ಆಗ ಮದರಾಸಿನ ಎಲ್ಲ ಮಾಲೀಕರ ಬಾಯಲ್ಲಿದ್ದ ಮಾತು. ಮಾಣಿಕ್ಕಂನನ್ನು ಕೆಲಸದಿಂದ ತೆಗೆದು, ತಿಂಗಳ ಕೊನೆಗೆ ಕೋಣೆ ಬಿಡಬೇಕೆಂದೂ ಹೇಳಿ ಆಗಿತ್ತು. "ನೀವು ಬಿಚ್ಚಿ ನೋಡಿ ಒಂದು ಮಾತು ಹೇಳಿ. ನನ್ನ ಮನಸ್ಸಿಗೆ ಸಮಾಧಾನ ಬೇಕು" ಎಂದರು.

ಮಾವ ಗೇಟಿನ ಕಡೆ ತಿರುಗಿ, "ಏನಪ್ಪಾ, ನೀ ಏನಂತಿ?" ಎಂದು ಕೇಳಿದರು.

"ಇಲ್ಲೀಂಗ ಸಾಮಿ, ಎಣ್ಣೆ ಫುಲ್ಲಾ ಇತ್ತು. ಎಣ್ಣೆ ಪ್ರೆಷರ್ ತೋರಿಸೋ ಮುಳ್ಳು ಕೂಡ ನೆಟ್ಟಗೆ ನಿಂತಿತ್ತು. ಮುಂದಗಡೆಯಿಂದ ಟಕ್ ಟಕ್ ಅಂತ ಸತ್ತಂ ಬರ್ತಿತ್ತು. ನಮ್ಮ ಮುದಲಾಳಿ ಇವ್ರ ಹತ್ರ ಹೇಳಿದೆ. ಸುಮ್ಮನೆ ಓಡಿಸು ಅಂದ್ರು. ಸತ್ಯಮಾ ಹೇಳ್ತೀನಿ, ನಾನು ಎಣ್ಣೆ ಮುಟ್ಟಲಿಲ್ಲ."

ಮೇಸ್ತ್ರಿ ಕೆಳಗಿನ ಬೋಲ್ಟ್ ಬಿಚ್ಚಿದಾಗ ಎಣ್ಣೆ ಬೇಕಾದಷ್ಟು ಬಂತು. ಐತಾಳರು ಅದಕ್ಕೂ ಒಪ್ಪಲಿಲ್ಲ. "ಕೆಟ್ಟ ಮೇಲೆ ಹೆದರಿ ಹಾಕಿದ್ದಿರ್ತದೆ" ಎಂದರು. ಕಳ್ಳ ಎಂದು ಒಮ್ಮೆ ಅಂದುಬಿಟ್ಟರೆ ಆಮೇಲೆ ಕಂಡದ್ದೆಲ್ಲ ಕಳ್ಳತನವೇ.

ಮಾರನೆಯ ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಬಿಚ್ಚಿಟ್ಟಿದ್ದರು. ನಾನು ಮೊದಲು ಕಣ್ಣಿನಿಂದ ನೋಡಿದೆ. ಮುಂದಿನ ಬುಷ್ಷಿನ ಬಿಳಿ ಲೋಹ ಉಜ್ಜಿಹೋಗಿ ಕೆಳಗಿನ ಉಕ್ಕು ಕಾಣುತ್ತಿತ್ತು. ಅದರಲ್ಲಿ ಕೂರುವ ಶಾಫ್ಟಿನ ಭಾಗದ ಮೇಲೆ ಉಗುರು ಎಳೆದರೆ ಉಗುರು ಗೀರಿನಲ್ಲಿ ಸಿಕ್ಕಿಬೀಳುತ್ತಿತ್ತು. ಆಮೇಲೆ ಮೈಕ್ರೋಮೀಟರಿನಿಂದ ಶಾಫ್ಟನ್ನು ಅಡ್ಡಲಾಗಿ ಒಮ್ಮೆ, ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆದೆ. ಗುಂಡಗೇ ಉಳಿದಿದೆಯೋ ಮೊಟ್ಟೆಯಾಕಾರ ಆಗಿದೆಯೋ ತಿಳಿಯಲು ಹೀಗೆ ಮಾಡಬೇಕು. ಬುಷ್ಷಿನ ಒಳ ಅಳತೆಯನ್ನೂ ಹಾಗೆಯೇ ತೆಗೆದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇ ಎಣ್ಣೆಯ ಸಂದು. ಮುಂದಿನದರಲ್ಲಿ ಕೂದಲೆಳೆಯಷ್ಟೂ ಇರಬಾರದ ಸಂದಿಗೆ ಸಂದು ಅಳೆಯುವ ಗೇಜಿನ ತೆಳು ಅಲಗುಗಳನ್ನು ಒಂದರ ಮೇಲೊಂದು ಸೇರಿಸಿ ತೂರಿಸುವಂತಿತ್ತು.

ಆದರೆ ಹಿಂದಿನ ಬುಷ್‌ಗಳು? ಅವು ನಾನು ಮೈಸೂರಿಗೆ ಹೋಗುವ ಮುಂಚೆ ಹೇಗಿದ್ದವೋ ಹೆಚ್ಚುಕಮ್ಮಿ ಹಾಗೇ ಇದ್ದವು. ಕೆಳಗಿನ ದೊಡ್ಡ ಬೇರಿಂಗುಗಳೂ ಚೆನ್ನಾಗಿದ್ದವು. ಎಣ್ಣೆಯಿಲ್ಲದೆ ಓಡಿಸಿದ ಎಂಜಿನ್ನಿನಲ್ಲಿ ಹೀಗಾಗುವುದಿಲ್ಲ. ಬಾವಿ ಬತ್ತಿದರೆ ಬೀದಿಗೆಲ್ಲ ನೀರಿಲ್ಲ. ಇಲ್ಲಿ ಒಂದೇ ಮನೆಗೆ ನೀರು ಬಂದಿರಲಿಲ್ಲ.

ಬುಷ್ಷಿನ ತೂತಿಗೂ ಬ್ಲಾಕಿನ ತೂತಿಗೂ ತಪ್ಪಿರಬೇಕೆಂದುಕೊಂಡು ತಂತಿ ತೆಗೆದುಕೊಂಡೆ. ಹಿಂದಿನ ತೂತುಗಳಲ್ಲಿ ತಂತಿ ಸಲೀಸಾಗಿ ಹೋಯಿತು. ಮುಂದಿನದರಲ್ಲಿ ಎರಡು ತೂತುಗಳೂ ನೆಟ್ಟಗೆ ಎದುರುಬದುರೇ ಇದ್ದವು, ಆದರೂ ತಂತಿ ಹೋಗಲಿಲ್ಲ. ಏನೋ ಗಟ್ಟಿಯಾಗಿ ಕೂತಿತ್ತು. ಚುಚ್ಚಿ ಚುಚ್ಚಿ ಹೊರಗೆ ತೆಗೆದು ಕಾಗದದ ಮೇಲೆ ಉದುರಿಸಿದೆ. ಮೇಲೆ ಕರೀ ಎಣ್ಣೆ ಮೆತ್ತಿತ್ತು. ಒಡೆದರೆ ಒಳಗೆ ಬೂದು ಬಿಳಿ, ಒಣ. ಬೆರಳಲ್ಲಿ ಉಜ್ಜಿದರೆ ಪುಡಿಪುಡಿ, ನಯವಾಗಿತ್ತು.

ಅದೇನೆಂದು ತಿಳಿಯಲು ಯಾವ ಕಾಲೇಜೂ ಬೇಕಿರಲಿಲ್ಲ. ದಿನಾ ಸ್ನಾನವಾದ ಮೇಲೆ ನಾನೇ ಹಣೆಗೆ ಹಚ್ಚುತ್ತಿದ್ದದ್ದು.

ಊಟ ಮುಗಿಸಿ ಬಂದ ಮೇಸ್ತ್ರಿಯನ್ನು ಕೇಳಿದೆ. ಅವನು ಮುಚ್ಚಿಡಲಿಲ್ಲ. "ಆಯುಧ ಪೂಜೆ ದಿವಸ ನಿಮ್ಮ ಅತ್ತೆಯಮ್ಮ ಎಲ್ಲಾದಕ್ಕೂ ವಿಭೂತಿ ಹಚ್ತಾರಲ್ಲ, ಇದಕ್ಕೂ ಹಚ್ಚಿದ್ರು. ಬ್ಲಾಕ್ ಬಾಗಿಲ ಕಡೆ ಮುಖ ಮಾಡಿ ಇತ್ತು. ಮುಂದಿನ ಬುಷ್ ಹೊಸದು, ಪಳಪಳಾಂತ ಇತ್ತು. ಅಮ್ಮ ಅದರೊಳಗೇ ಮೂರು ಬೆರಳು ಇಟ್ಟು ಬಳಿದ್ರು."

"ಜೋಡಿಸುವ ಮುಂಚೆ ಪೆಟ್ರೋಲಿನಲ್ಲಿ ತೊಳೆಯಲಿಲ್ಲವೇ?"

"ಸಾಮಿ ವಿಭೂತಿಯನ್ನ ಪೆಟ್ರೋಲಲ್ಲಿ ಎಪ್ಪಡಿ ತೊಳೆಯೋದು ಅಮ್ಮಾ? ಪಾಪ ಅಲ್ವಾ? ಹೊಸ ಬಟ್ಟೇಲಿ ಒರೆಸಿದೆ, ಕಣ್ಣಿಗೆ ಒತ್ತಿಕೊಂಡೆ" ಎಂದ.

ಹೀಗೆ ಇಬ್ಬರ ಭಕ್ತಿಯೂ ಸೇರಿ ಆ ತೂತನ್ನು ಮುಚ್ಚಿತ್ತು. ನೀರಲ್ಲಿ ಕಲಸಿದ ವಿಭೂತಿ ಹಬ್ಬದ ರಜೆಯಲ್ಲಿ ಒಣಗಿ ಗಟ್ಟಿಯಾಯಿತು. ಮೇಲೆ ಶಾಫ್ಟ್ ಕೂತಮೇಲೆ ಎಣ್ಣೆ ಎಷ್ಟು ಒತ್ತಿದರೂ ಆ ವಿಭೂತಿಗೆ ಹೊರಗೆ ಬರಲು ಜಾಗವಿರಲಿಲ್ಲ. ಉಳಿದ ಕಡೆ ಎಣ್ಣೆ ಹರಿಯುತ್ತಿದ್ದುದರಿಂದ ಮುಳ್ಳು ಇಳಿಯಲಿಲ್ಲ. ಮಾಣಿಕ್ಕಂ ಹೇಳಿದ್ದು ಅಕ್ಷರಶಃ ಸರಿಯಿತ್ತು.

ಮಾವನವರಿಗೆ ಕಾಗದ ತೋರಿಸಿದೆ. ಅವರು ಪುಡಿಯನ್ನು ಬೆರಳಲ್ಲಿ ಉಜ್ಜಿ, ಬಾಗಿಲ ಕಡೆ ಒಮ್ಮೆ ನೋಡಿ ಕಾಗದ ಮಡಚಿದರು.

"ನಿಮ್ಮ ಅತ್ತಿ ಮುಂದ ಹೇಳಬ್ಯಾಡ" ಎಂದರು.

"ಐತಾಳರಿಗೆ?"

"ಅವರಿಗೂ ಬ್ಯಾಡ. ಬುಷ್ ಹೋಗೇತಿ, ಹೊಸಾದು ಹಾಕೇವಿ, ದುಡ್ಡು ಬ್ಯಾಡ ಅಂತ ಹೇಳೂಣು. ಪೂಜಿ ಮಾಡಿ ಎಂಜಿನ್ ಕೆಡಿಸ್ತಾರ ಅಂತ ಒಮ್ಮೆ ಬಾಯಿಗೆ ಬಂದ್ರ ಈ ಬೀದಿಯಾಗ ನಮ್ಮ ಷೆಡ್ಡಿಗೆ ಯಾರು ಬರ್ತಾರ?"

"ಮಾಣಿಕ್ಕಂನ ಗತಿ ಏನು ಮಾವ?"

"ನಾವೇನೂ ಅವನ ಮ್ಯಾಲೆ ಹೇಳೂದಿಲ್ಲಲ್ಲ."

"ಅವರು ಕೇಳಿದ್ದೇ ಅದನ್ನು. ನಾವು ಸುಮ್ಮನಿದ್ದರೆ ಅವನೇ ಕಳ್ಳ ಅಂದ ಹಾಗಾಗುತ್ತದೆ."

ಮಾವ ಕಾಗದವನ್ನು ಜೇಬಿಗೆ ಹಾಕಿಕೊಂಡರು. ಅವರು ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನೋಡುತ್ತಿದ್ದರು. ಮಾಣಿಕ್ಕಂನನ್ನು ಅವರು ಕಂಡದ್ದು ಅಪರೂಪ. ಅತ್ತೆಯನ್ನು ದಿನಾ ಕಾಣುತ್ತಿದ್ದರು. ನನಗೆ ಮಾತ್ರ ಸಿಟ್ಟು ಬಂತು. ನನ್ನಿಂದ ಸತ್ಯವನ್ನು ಅಳತೆ ಮಾಡಿಸಿ, ಅಳೆದದ್ದನ್ನು ಮಡಚಿ ಜೇಬಿಗೆ ಹಾಕಿಕೊಳ್ಳುವುದಾದರೆ ನಾನು ಯಾಕೆ ಬೇಕಿತ್ತು?

ಮಾರನೆಯ ಬೆಳಿಗ್ಗೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆ, "ಯಾಕವಾ, ಮಾರಿ ಯಾಕ ಸಣ್ಣದು ಮಾಡೀ? ಊರಿಂದ ಏನರ ಸುದ್ದಿ ಬಂತೇನು?" ಎಂದು ಕೇಳಿದರು.

ಮಾವ ಹೇಳಬೇಡ ಎಂದಿದ್ದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬುಷ್ ಎಂದರೇನು, ಎಣ್ಣೆ ಎಲ್ಲಿಂದ ಬರುತ್ತದೆ, ತೂತು ಎಲ್ಲಿರುತ್ತದೆ ಎಂಬುದನ್ನೂ ಬಿಡಿಸಿ ಹೇಳಿದೆ. ಬೈಯುತ್ತಾರೆ, ದೇವರ ಮೇಲೆ ತಪ್ಪು ಹೊರಿಸುತ್ತೀಯಾ ಎಂದು ಕೂಗಾಡುತ್ತಾರೆ ಎಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಅತ್ತೆ ರೊಟ್ಟಿಯನ್ನು ತಿರುವಿ ಹಾಕಿದರು, ಬೇಯಿಸಿದರು, ಬುಟ್ಟಿಗೆ ಹಾಕಿದರು. ಆಮೇಲೆ ಕೇಳಿದರು:

"ಆ ತೂತಿನಾಗಿಂದನ ಅದು ಎಣ್ಣಿ ಕುಡೀತೈತೇನು?"

"ಹೌದು."

"ಅದರ ಬಾಯಿಗೆ ನಾ ಬೂದಿ ಮೆತ್ತಿದೆ." ಕೈ ತೊಳೆದುಕೊಂಡು ಎದ್ದರು. "ಆ ಡ್ರೈವರಂದು ಮಕ್ಕಳು ಮರಿ ಅದಾವೇನು?"

"ಇದ್ದಾವೆ ಅತ್ತೆ. ತಿಂಗಳ ಕೊನೆಗೆ ಮನೆ ಬಿಡಬೇಕು."

"ಸೀರಿ ಉಟ್ಟಕೋ. ತಾಂಬರಂಗೆ ಹೋಗೂಣು."

ಷೆಡ್ಡಿನ ಮುಂದೆ ಹಾದುಹೋಗುವಾಗ ಮಾವ ಲೇತಿನ ಹತ್ತಿರ ನಿಂತಿದ್ದರು. ನಮ್ಮಿಬ್ಬರನ್ನೂ ನೋಡಿ ಅವರಿಗೆ ತಿಳಿದುಹೋಯಿತು. "ಹೋಗಬೇಕ ಏನು?" ಎಂದರು. "ಹೂಂ, ಹೋಗಬೇಕು. ಅನ್ನಾ ಮಾಡಿಟ್ಟೀನಿ" ಎಂದರು ಅತ್ತೆ. ಮಾವ ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. ಲೇತಿನ ಕಡೆ ತಿರುಗಿಕೊಂಡರು.

ಬಸ್ಸಿನಲ್ಲಿ ಬೀಚ್ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ಕರೆಂಟ್ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಸೆರಗಿನ ಗಂಟನ್ನು ಕೈಯಲ್ಲಿ ಹಿಡಿದೇ ಇದ್ದರು. ಅದರಲ್ಲಿ ಒಂದು ವಿಭೂತಿ ಗಟ್ಟಿ ಕಟ್ಟಿಕೊಂಡು ಬಂದಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಹೋಟೆಲಿನಲ್ಲಿ ತಿಂಡಿಯ ಗದ್ದಲ ಇಳಿದು ಊಟದ್ದು ಇನ್ನೂ ಶುರುವಾಗಿರಲಿಲ್ಲ. ಐತಾಳರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದೇ ಬಂದರು. "ಓಹೋ, ಅಮ್ಮನೋರು! ಕೂತ್ಕೊಳ್ಳಿ ಕೂತ್ಕೊಳ್ಳಿ. ಕಾಫಿ ತರಿಸುದಾ?" ಅತ್ತೆ ಬೇಡವೆಂದು ಕೈ ಮುಗಿದು, ನಿಂತಲ್ಲೇ ಹೇಳಿದರು: "ನಿಮ್ಮ ಗಾಡಿ ಕೆಡಿಸಿದಾಕಿ ನಾನು. ಹಬ್ಬದ ದಿನ ಹಚ್ಚಿದ ವಿಭೂತಿ ಎಣ್ಣಿ ತೂತಿನಾಗ ಕುಂತು ಎಂಜಿನ್ ಹೋಗೇತಿ. ಡ್ರೈವರಂದು ತಪ್ಪಿಲ್ಲ."

ಐತಾಳರು ನಂಬುತ್ತಾರೆ, ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅವರು ನಂಬಲಿಲ್ಲ.

"ಅಯ್ಯೋ, ಅಮ್ಮಾ" ಎಂದು ನಕ್ಕರು, ಕಣ್ಣಲ್ಲಿ ನೀರೂ ಬಂತು. "ದೇವರ ವಿಭೂತಿಯಿಂದ ಎಂಜಿನ್ ಹಾಳಾಗುದುಂಟಾ? ನೀವು ಪುಣ್ಯಾತ್ಗಿತ್ತಿ. ಆ ಬಡವನ ಸಂಸಾರ ಬೀದಿಗೆ ಬೀಳ್ತದೆ ಅಂತ ನಿಮ್ಮ ಮೈಮೇಲೆ ಹಾಕ್ಕೊಳ್ತಾ ಇದ್ದೀರಿ. ನಿಮ್ಮಂಥವರು ಎಲ್ಲುಂಟು ಈಗ?"

ನಾನು ನಡುವೆ ಬಾಯಿ ಹಾಕಿ ಅಳತೆ, ಸಂದು, ತಂತಿ ಎಲ್ಲ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿ, "ಹೌದಮ್ಮ, ಕಲಿತವರು ನೀವು, ಹೇಳ್ತೀರಿ" ಎಂದರು. ಒಂದಕ್ಷರವೂ ಒಳಗೆ ಇಳಿದಿರಲಿಲ್ಲ. ಅತ್ತೆ ಸುಳ್ಳು ಹೇಳಿದ್ದರೆ ಅವರು ತಕ್ಷಣ ಒಪ್ಪುತ್ತಿದ್ದರೇನೋ. ಸತ್ಯ ಹೇಳಿದ್ದಕ್ಕೆ ಕೈ ಮುಗಿದು ಕಳಿಸಲು ನೋಡುತ್ತಿದ್ದರು.

ಅತ್ತೆಯವರ ಕಣ್ಣು ಅಡಿಗೆಮನೆಯ ಬಾಗಿಲ ಕಡೆ ಹೋಯಿತು. ಅಲ್ಲಿಂದ ದೋಸೆ ಕಾವಲಿ ಕಾಣುತ್ತಿತ್ತು. ದೋಸೆ ಭಟ್ಟರ ಕೈಯಲ್ಲಿ ಉದ್ದ ಕತ್ತಿನ ಎಣ್ಣೆ ಡಬ್ಬಿ. ಅದರ ತುದಿಗೆ ಒಂದೇ ಸಣ್ಣ ತೂತು. ಅದನ್ನು ಬಗ್ಗಿಸಿ ದೋಸೆಯ ಸುತ್ತ ಎಣ್ಣೆ ಬಿಡುತ್ತಿದ್ದರು.

ಅತ್ತೆ ಹೊಸ್ತಿಲ ತನಕ ಹೋಗಿ ನಿಂತರು. "ನಾ ಒಳಗ ಬರೂದಿಲ್ಲ" ಎಂದರು. ಬ್ರಾಹ್ಮಣರ ಅಡಿಗೆಮನೆಗೆ ಅವರು ಹೋಗುವಂತಿರ­ಲಿಲ್ಲ, ಹೋಗಲು ಅವರಿಗೂ ಇಷ್ಟವಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ವಿಭೂತಿ ಗಟ್ಟಿಯನ್ನು ಐತಾಳರಿಗೆ ಕೊಟ್ಟರು. "ಇದನ್ನ ನೀರಾಗ ತೇದು ಆ ಡಬ್ಬಿ ತೂತಿಗೆ ಹಚ್ಚಸ್ರಿ. ಒಲಿ ಮಗ್ಗಲಕ ಇಟ್ಟು ಒಣಗಸ್ರಿ. ಆಮ್ಯಾಲೆ ದೋಸಿ ಹಾಕಸ್ರಿ."

ಐತಾಳರು ವಿಭೂತಿಯನ್ನು ಮೊದಲು ಕಣ್ಣಿಗೆ ಒತ್ತಿಕೊಂಡರು. ಅತ್ತೆಯ ಮಾತನ್ನು ತೆಗೆದುಹಾಕಲಾರದೆ ಭಟ್ಟರಿಗೆ ಕೊಟ್ಟರು. ಭಟ್ಟರು ಮಾಲೀಕರ ಮುಖ ನೋಡಿ, ನಮ್ಮ ಮುಖ ನೋಡಿ, ಹೇಳಿದಂತೆ ಮಾಡಿದರು. ಒಲೆಯ ಪಕ್ಕದ ಬಿಸಿಗೆ ಅದು ಒಣಗಲು ತಡವಾಗಲಿಲ್ಲ. ಮಾಣಿಗಳು ಲೋಟ ತೊಳೆಯುವುದನ್ನು ಬಿಟ್ಟು ಬಂದು ನಿಂತರು.

ಭಟ್ಟರು ಕಾವಲಿ ಒರೆಸಿ ಹಿಟ್ಟು ಹುಯ್ದು, ಡಬ್ಬಿ ಬಗ್ಗಿಸಿದರು. ಎಣ್ಣೆ ಬರಲಿಲ್ಲ. ಡಬ್ಬಿಯನ್ನು ಕೊಡವಿದರು, ಒಳಗೆ ಎಣ್ಣೆ ತುಳುಕುವ ಸದ್ದು ಮಾತ್ರ ಕೇಳಿಸಿತು. ಮೊದಲನೆಯ ದೋಸೆ ಹೇಗೋ ಎದ್ದಿತು. ಎರಡನೆಯದು ಕಾವಲಿಗೆ ಕಚ್ಚಿಕೊಂಡಿತು. ಸಟ್ಟುಗ ಹಾಕಿ ಕೆರೆದರೆ ಹರಿದು ಚೂರಾಯಿತು, ಕರಕಲು ವಾಸನೆ ಎದ್ದಿತು.

"ಡಬ್ಬಿ ತುಂಬ ಎಣ್ಣಿ ಐತಿ" ಎಂದರು ಅತ್ತೆ. "ಕಾವಲಿ ಒಣಗೇತಿ. ಈಗ ನಿಮ್ಮ ಭಟ್ಟರು ಎಣ್ಣಿ ಕದ್ದಾರೇನು, ಹೇಳ್ರಿ?"

ಐತಾಳರು ಕಾವಲಿಯನ್ನೇ ನೋಡುತ್ತಾ ನಿಂತುಬಿಟ್ಟರು. ಇಷ್ಟು ಹೊತ್ತು ಅವರ ಮುಖದಲ್ಲಿದ್ದ ನಗು ಹೋಗಿತ್ತು. "ಹೌದಲ್ಲ" ಎಂದರು, ತಮಗೆ ತಾವೇ. ಆಮೇಲೆ ಒಬ್ಬ ಮಾಣಿಯನ್ನು ಕರೆದು, "ಮಾಣಿಕ್ಕಂನನ್ನು ಕರಿ" ಎಂದರು.

ಮಾಣಿಕ್ಕಂ ಹಿಂದಿನ ಕೋಣೆಯಿಂದ ಬಂದ. ಪಾತ್ರೆ ಗಂಟು ಕಟ್ಟುತ್ತಿದ್ದನೆಂದು ಕಾಣುತ್ತದೆ, ಕೈಯಲ್ಲಿ ಇನ್ನೂ ಹಗ್ಗದ ತುಂಡಿತ್ತು. ಅಲ್ಲಿ ನಿಂತ ಅಷ್ಟು ಜನರ ಮುಂದೆ ಐತಾಳರು ಹೇಳಿದರು: "ನೀನು ಎಣ್ಣೆ ತೆಗಿಲಿಲ್ಲ ಮಾರಾಯ. ನಾನು ನಿನ್ನನ್ನು ಕಳ್ಳ ಅಂದದ್ದು ತಪ್ಪಾಯ್ತು. ಸದ್ದು ಬರ್ತದೆ ಅಂತ ನೀನು ಹೇಳಿದಾಗ ಕೇಳ್ಬೇಕಿತ್ತು. ಕೇಳ್ಲಿಲ್ಲ."

ಮಾಣಿಕ್ಕಂ ಅಳುತ್ತಾನೆ, ಕಾಲಿಗೆ ಬೀಳುತ್ತಾನೆ ಎಂದು ಎಲ್ಲರೂ ಕಾಯುತ್ತಿದ್ದಂತಿತ್ತು. ಅವನು ಹಗ್ಗವನ್ನು ಕೈಗೆ ಸುತ್ತಿಕೊಂಡ. "ಮುದಲಾಳಿ, ಇದನ್ನ ಒಂದು ಸಲ ನನ್ನ ಹೆಂಡತಿ ಹತ್ರ ಹೇಳ್ತೀರಾ?" ಎಂದ. "ನಾನು ಹೇಳಿದ್ರೆ ಅವಳು ನಂಬೋದಿಲ್ಲ. ಅವಳೂ ಎಣ್ಣೆ ಏನ್ ಮಾಡಿದೆ ಅಂತ ಕೇಳ್ತಿದ್ದಾಳೆ."

ಐತಾಳರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಅವನ ಹಿಂದೆ ಹೋದರು. ನಾವು ಅಲ್ಲಿಂದ ಹೊರಟೆವು. ಕೋಣೆಯಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಹೊಸ ಬುಷ್ ಹಾಕಿದ ವ್ಯಾನನ್ನು ಕೊಂಡೊಯ್ಯಲು ಕೆಲವು ದಿನಗಳ ಮೇಲೆ ಬಂದವನು ಮಾಣಿಕ್ಕಂನೇ.

ಮಾವ ಹೆದರಿದಂತೆ ಸುದ್ದಿ ಹರಡಿತು. ಇಬ್ಬರೋ ಮೂವರೋ ಗಿರಾಕಿಗಳು ಬಿಟ್ಟುಹೋದರು. ಉಳಿದವರು ಬಂದಾಗಲೆಲ್ಲ ವಿಭೂತಿ ಹಚ್ಚದ ಎಂಜಿನ್ ಕೊಡಿ ಎಂದು ಕಾಲೆಳೆಯುತ್ತಿದ್ದರು. ಮುಂದಿನ ಹಬ್ಬದಿಂದ ಮಾವ, ತೆರೆದಿಟ್ಟ ಎಂಜಿನ್‌ಗಳಿಗೆಲ್ಲ ಹಿಂದಿನ ದಿನವೇ ಬಟ್ಟೆ ಹೊದಿಸಿ ಕಟ್ಟುವ ಪದ್ಧತಿ ಮಾಡಿದರು. ನನಗೆ ಮಾವ ಹೇಳಿದ್ದು ಒಂದೇ ಮಾತು: "ಹೇಳಬ್ಯಾಡ ಅಂದಿದ್ದೆ. ಹೇಳಿದ್ದು ಚಲೋ ಆತು."

ಆದರೆ ನಾನು ಮರೆಯಲಾಗದ್ದು ಇದು ಯಾವುದೂ ಅಲ್ಲ. ಅಂದು ತಿರುಗಿ ಬರುವಾಗ ರೈಲಿನಲ್ಲಿ ಜನ ಕಡಿಮೆಯಿದ್ದರು. ನಾನು ಗೆದ್ದ ಖುಷಿಯಲ್ಲಿದ್ದೆ, ದೋಸೆ ಕಾವಲಿಯ ಉಪಾಯ ನಿಮಗೆ ಹೇಗೆ ಹೊಳೆಯಿತು ಎಂದು ಅತ್ತೆಯವರನ್ನು ಕೇಳುತ್ತಿದ್ದೆ. ಕ್ರೋಂಪೇಟೆ ದಾಟಿದ ಮೇಲೆ ಅವರು ನನ್ನ ಕೈ ಹಿಡಿದುಕೊಂಡರು.

"ಗಿರಿಜಾ, ಮೂವತ್ತು ವರ್ಸದಿಂದ ಹಚ್ಚೀನಿ" ಎಂದರು. "ಹಿಂದಕ ಎಂಜಿನ್ ಕೆಟ್ಟು ತಿರುಗಿ ಬಂದ್ರ, ಡ್ರೈವರ್ ಎಣ್ಣಿ ನೋಡಿಲ್ಲ ಅಂತಿದ್ರು. ನಾನೂ ಒಳಗ ಕುಂತು ಕೇಳಿ, ಎಂಥಾ ಮಂದಿ ಅಂತಿದ್ದೆ. ಅವರಾಗ ಎಷ್ಟು ಜನ ಇವನಂಗ ಗಂಟು ಕಟ್ಟಿಕೊಂಡು ಹೋದರೋ?"

ಹಬ್ಬದ ದಿನವೇ ಬ್ಲಾಕ್ ತೆರೆದಿರುವುದು, ಅದೂ ಬಾಗಿಲ ಕಡೆಗೇ ಮುಖಮಾಡಿರುವುದು, ಬೆರಳು ಸರಿಯಾಗಿ ತೂತಿನ ಮೇಲೇ ಬೀಳುವುದು, ಇದೆಲ್ಲ ಮತ್ತೆ ಮತ್ತೆ ಆಗುವಂಥದ್ದಲ್ಲ ಎಂದೆ. "ಇನ್ನು ಯಾರಿಗೂ ಹೀಗಾಗಿಲ್ಲ ಅತ್ತೆ" ಎಂದು ಗಟ್ಟಿಯಾಗಿ ಹೇಳಿದೆ.

"ನೀ ಅಳದು ನೋಡೀಯೇನು?" ಎಂದರು.

ನಾನು ಇಲ್ಲ ಎಂದೆ. ಅವರು ಕೈ ಬಿಡಲಿಲ್ಲ. ಬೀಚ್ ಸ್ಟೇಷನ್ ಬರುವವರೆಗೂ ಹಾಗೇ ಕೂತಿದ್ದೆವು.